ಬೋರ್ ಲಾರಿಯಲ್ಲಿ ಮನೆ ಹೂಡುವ ವಿಧಾನ

ಮೊದಲು ಇದನ್ನು ಓದಿ

ಈ ಕೈಪಿಡಿ ಹಿಡಿದು ಕೂತಿದ್ದೀರಿ ಅಂದರೆ ನಿಮಗೆ ಇರುವ ಮನೆ ಸಾಕಾಗಿದೆ. ಮೊಬೈಲಿನಲ್ಲಿ ಯಾರೋ ಗಂಡ ಹೆಂಡತಿ ವ್ಯಾನಿನ ಹಿಂಬಾಗಿಲು ತೆಗೆದು, ಎದುರಿಗೆ ಸಮುದ್ರ ಇಟ್ಟುಕೊಂಡು ಕಾಫಿ ಕುಡಿಯುವುದನ್ನು ನೋಡಿದ್ದೀರಿ. ಗೋಡೆ ಬೇಡ, ಕಂದಾಯ ಬೇಡ, ಪಕ್ಕದ ಮನೆಯವರ ಟಿವಿ ಸದ್ದು ಬೇಡ, ಚಕ್ರ ಇದ್ದರೆ ಸಾಕು ಅನ್ನಿಸಿದೆ. ಅಮೆರಿಕದವರು ಇಂಥ ಗಾಡಿಗೆ ಮನರಂಜನೆಯ ವಾಹನ ಎಂಬ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ನಮ್ಮ ಸರ್ಕಾರವೂ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನಿಗೆ ಜಾಗ ಕೊಟ್ಟಿತು. ಹೊಳಲ್ಕೆರೆಯ ಸರ್ಕಲ್ಲಿನಲ್ಲಿ ಎಷ್ಟು ಹೊತ್ತು ನಿಂತರೂ ಅಂಥದ್ದೊಂದು ಗಾಡಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಂತ ಗಾಡಿಯಲ್ಲೇ ಬದುಕುವವರು ನಮಗೆ ಹೊಸಬರಲ್ಲ. ಹೆಳವರು ಎತ್ತಿನ ಮೇಲೆ ಕೂತು ಬಂದು, ನಮ್ಮ ಮುತ್ತಜ್ಜನ ಮುತ್ತಜ್ಜ ಯಾರೆಂದು ನಮಗೇ ಹೇಳಿ, ಕಾಳುಕಡಿ ಕಟ್ಟಿಸಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಆದರೆ ಹೆಳವನಾಗಲು ಆ ಮನೆಯಲ್ಲೇ ಹುಟ್ಟಬೇಕು, ಮೇಲಾಗಿ ಜ್ಞಾಪಕಶಕ್ತಿ ಬೇಕು. ಹೆದ್ದಾರಿಯ ಲಾರಿ ಡ್ರೈವರುಗಳೂ ಕ್ಯಾಬಿನ್ನಿನಲ್ಲೇ ಮಲಗುತ್ತಾರೆ, ಆದರೆ ಅವರಿಗೆ ತಲುಪಬೇಕಾದ ಊರು ಒಂದಿರುತ್ತದೆ. ತಲುಪಬೇಕಾದ ಊರೇ ಇಲ್ಲದೆ, ವರ್ಷದ ಒಂಬತ್ತು ತಿಂಗಳು ಗಾಡಿಯನ್ನೇ ಮನೆ ಮಾಡಿಕೊಂಡವರನ್ನು ನೋಡಬೇಕಿದ್ದರೆ ಬೇಸಿಗೆಯಲ್ಲಿ ನಮ್ಮ ಹೊಳಲ್ಕೆರೆ ತಾಲ್ಲೂಕಿಗೆ ಬನ್ನಿ. ಬೋರ್‌ವೆಲ್ ಲಾರಿ ಎಂದು ಕೇಳಿ, ಮಕ್ಕಳೂ ದಾರಿ ತೋರಿಸುತ್ತಾರೆ.

2024ರ ಮಾರ್ಚಿನಲ್ಲಿ ಅಂಥದ್ದೊಂದು ಸಂಸಾರ ನಮ್ಮ ಅಡಿಕೆ ತೋಟದ ಪಕ್ಕದ ಕಣದಲ್ಲಿ ಮೂರು ರಾತ್ರಿ ಬಿಡಾರ ಹೂಡಿತ್ತು. ಈ ಕೈಪಿಡಿ ಆಗ ನೋಡಿ ಕಲಿತದ್ದು.

ಗಾಡಿಯ ಆಯ್ಕೆ

ಬೋರ್ ಲಾರಿ ಅಂದರೆ ಒಂದಲ್ಲ, ಎರಡು. ಮುಂದಿನದ್ದು ರಿಗ್ ಲಾರಿ. ಅದರ ಬೆನ್ನಿನ ಮೇಲೆ ಮಡಚಿ ಮಲಗಿಸಿದ ಕಬ್ಬಿಣದ ಗೋಪುರ, ಒಂದು ದೊಡ್ಡ ಕಂಪ್ರೆಸರು. ಇದರಲ್ಲಿ ಮಲಗುವ ಆಸೆ ಇಟ್ಟುಕೊಳ್ಳಬೇಡಿ, ಇದು ಯಜಮಾನ. ಹಿಂದೆ ಬರುವುದು ಪೈಪಿನ ಲಾರಿ. ಇದು ಮನೆ.

ಈ ಮನೆ ಸಾಮಾನ್ಯವಾಗಿ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ತಿರುಚ್ಚೆಂಗೋಡಿನಿಂದ ಬಂದಿರುತ್ತದೆ. ಇಡೀ ದೇಶಕ್ಕೆ ಬೋರ್ ಲಾರಿ ಕಳಿಸುವ ಊರು ಅದು. ಅಲ್ಲಿನ ಬೆಟ್ಟದ ಮೇಲಿನ ಅರ್ಧನಾರೀಶ್ವರ ಡ್ರೈವರ್ ಸೀಟಿನ ಮುಂದೆ ಫೋಟೊ ಆಗಿ ಕೂತು, ಗುಜರಾತು, ಮಧ್ಯಪ್ರದೇಶ, ನಮ್ಮ ರಾಮಗಿರಿ, ಬಿ. ದುರ್ಗ ಎಲ್ಲ ಸುತ್ತಿರುತ್ತಾನೆ. ಲಾರಿಯ ಜೊತೆಗಿನ ಹುಡುಗರು ಮಾತ್ರ ತಿರುಚ್ಚೆಂಗೋಡಿನವರೇ ಆಗಬೇಕೆಂದಿಲ್ಲ. ನಮ್ಮಲ್ಲಿಗೆ ಬಂದ ಒಂಬತ್ತು ಜನರಲ್ಲಿ ಇಬ್ಬರು ತಮಿಳರು, ಉಳಿದವರು ಜಾರ್ಖಂಡ್ ಮತ್ತು ಛತ್ತೀಸಗಡದವರು. ಒಂದೇ ಛಾವಣಿಯ ಕೆಳಗೆ ಮೂರು ಭಾಷೆ ಎಂದು ಬರೆಯಬಹುದಿತ್ತು, ಛಾವಣಿ ಇದ್ದಿದ್ದರೆ.

ಮಲಗುವ ಕೋಣೆ

ಪೈಪಿನ ಲಾರಿಯಲ್ಲಿ ಇಪ್ಪತ್ತು ಅಡಿ ಉದ್ದದ ಕಬ್ಬಿಣದ ರಾಡುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅದೇ ಮಂಚ. ರಾಡಿನ ಮೇಲೆ ಗೋಣಿಚೀಲ, ಗೋಣಿಚೀಲದ ಮೇಲೆ ರಗ್ಗು. ದುಂಡಗಿನ ರಾಡಿನ ಮೇಲೆ ಮಲಗಿದರೆ ಮೊದಲ ವಾರ ಬೆನ್ನಿನಲ್ಲಿ ಗೆರೆ ಮೂಡುತ್ತದೆ. ಎರಡನೇ ವಾರದಿಂದ ಗೆರೆಗೆ ರಾಡು ಹೊಂದಿಕೊಳ್ಳುತ್ತದೆ.

ಈ ಮಂಚಕ್ಕೆ ಒಂದು ವಿಶೇಷವಿದೆ. ಕೆಲಸ ಶುರುವಾದರೆ ಅದು ಒಂದೊಂದಾಗಿ ನೆಲದೊಳಗೆ ಹೋಗುತ್ತದೆ. ಬೋರ್ ಆಳವಾದಷ್ಟೂ ಮಂಚ ಸಣ್ಣದಾಗುತ್ತದೆ. ಸಾವಿರ ಅಡಿ ಹೋದರೆ ಐವತ್ತು ರಾಡು ಖಾಲಿ, ಆಗ ಲಾರಿಯ ಕೆಳಗೆ, ಎರಡು ಚಕ್ರದ ನಡುವೆ ಚಾಪೆ ಹಾಸಿ. ಬೇಸಿಗೆಯಲ್ಲಿ ಅಲ್ಲೇ ತಂಪು. ಮಲಗುವ ಮುಂಚೆ ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೋ ಇಲ್ಲವೋ ನೀವೇ ಎದ್ದು ಹೋಗಿ ನೋಡಿ, ಕೊಟ್ಟಿದ್ದೇವೆ ಎಂದು ಹೇಳಿದವರ ಮಾತು ನಂಬಬೇಡಿ.

ಕೇಂದ್ರ ಸರ್ಕಾರದ ನಿಯಮದಂತೆ 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಡ್ರೈವರ್ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಇದನ್ನು ಓದಿ ಹಿಗ್ಗಬೇಡಿ. ನೀವು ಕ್ಯಾಬಿನ್ನಿನಲ್ಲಿ ಮಲಗುವವರಲ್ಲ.

ನಿದ್ದೆಯ ಬಗ್ಗೆ ಒಂದು ಮಾತು. ಕಂಪ್ರೆಸರ್ ಓಡುವಾಗ ನಾಲ್ಕು ಗದ್ದೆ ಆಚೆಯ ಮನೆಯ ತಟ್ಟೆ ಲೋಟಗಳು ನಡುಗುತ್ತವೆ. ನಮ್ಮ ನಾಯಿ ಮೂರು ದಿನ ಅನ್ನ ಮುಟ್ಟಲಿಲ್ಲ. ಅದೇ ಸದ್ದಿನ ಪಕ್ಕ, ಇಪ್ಪತ್ತು ಅಡಿ ದೂರದಲ್ಲಿ, ಪಾಳಿ ಮುಗಿಸಿದ ಹುಡುಗ ಬಾಯಿ ತೆರೆದುಕೊಂಡು ಮಲಗಿದ್ದ. ನಡುರಾತ್ರಿ ಏನೋ ಕೆಟ್ಟು ಕಂಪ್ರೆಸರ್ ಗಕ್ಕನೆ ನಿಂತಿತು. ಅವನು ಬೆಚ್ಚಿ ಎದ್ದು ಕೂತ.

ವಿಳಾಸ

ಇಲ್ಲ. ಆಧಾರಿನಲ್ಲಿ ಒಂದಿದೆ, ಸಾವಿರದ ಇನ್ನೂರು ಕಿಲೋಮೀಟರ್ ಆಚೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಯಲ್ಲಿ ಯಾವ ಊರಿನ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳೊತ್ತಿ ಅಕ್ಕಿ ತಗೊಳ್ಳಬಹುದು, ಮಾತು ನಿಜ. ಅಂಗಡಿ ತೆಗೆಯುವ ಹೊತ್ತಿಗೆ ನಿಮ್ಮ ಮನೆ ಬೇರೆ ಊರಿಗೆ ಹೋಗಿರುತ್ತದೆ, ಅದೂ ನಿಜ.

ಮನೆ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು

ಕ್ಯಾರವಾನಿನವರು ಸೂರ್ಯಾಸ್ತ ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸುತ್ತಾರಂತೆ. ನಿಮ್ಮ ಮನೆ ನಿಲ್ಲುವ ಜಾಗವನ್ನು ಒಂದು ತೆಂಗಿನಕಾಯಿ ತೀರ್ಮಾನಿಸುತ್ತದೆ.

ನಮ್ಮ ಕಡೆ ಇದಕ್ಕೆ ಪಾಯಿಂಟ್ ಮಾಡುವುದು ಅನ್ನುತ್ತಾರೆ. ಪಾಯಿಂಟ್ ಮಾಡುವವರು ಅಂಗೈಯ ಮೇಲೆ ಕಾಯಿಯನ್ನು ಅಡ್ಡ ಮಲಗಿಸಿಕೊಂಡು, ಬರಿಗಾಲಲ್ಲಿ ತೋಟವೆಲ್ಲ ನಡೆಯುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಕೆಳಗೆ ನೀರು. ಭೂವಿಜ್ಞಾನಿಗಳು ಯಂತ್ರ ತಂದು ಭೂಮಿಗೆ ಕರೆಂಟು ಹರಿಸಿ ನೋಡುತ್ತಾರೆ, ಅದು ಬೇರೆ ದಾರಿ. ನಾನು ಓದಿದವನು, ನನಗೆ ಕಾಯಿಯಲ್ಲಿ ನಂಬಿಕೆ ಇಲ್ಲ. ಆದ್ದರಿಂದ ಎರಡನ್ನೂ ಮಾಡಿಸಿದೆ. ಯಂತ್ರ ಬದುವಿನ ಹತ್ತಿರ ತೋರಿಸಿತು, ಕಾಯಿ ಬಾವಿಯ ಮೂಲೆಗೆ ಹೋಗಿ ಎದ್ದು ನಿಂತಿತು. ಅವ್ವ ಕಾಯಿಯ ಕಡೆಗಿದ್ದಳು. ಲಾರಿ ಬಾವಿಯ ಮೂಲೆಗೆ ಹೋಯಿತು.

ಕಾನೂನಿನ ಪ್ರಕಾರ ಇದೆಲ್ಲ ಸಾವಕಾಶವಾಗಿ ನಡೆಯಬೇಕು. ಕೊಳವೆಬಾವಿಗೆ ಮಕ್ಕಳು ಬೀಳುವ ಪ್ರಕರಣಗಳನ್ನು ಕಂಡು ಸುಪ್ರೀಂ ಕೋರ್ಟು 2010ರಲ್ಲಿ ಮಾರ್ಗಸೂಚಿ ಕೊಟ್ಟಿತು: ಜಮೀನಿನವರು ಕನಿಷ್ಠ 15 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು, ಕೊರೆಯುವ ಜಾಗದಲ್ಲಿ ಬೋರ್ಡು ಹಾಕಬೇಕು, ಸುತ್ತ ಬೇಲಿ ಕಟ್ಟಬೇಕು, ಕೇಸಿಂಗ್ ಸುತ್ತ ಸಿಮೆಂಟು ಕಟ್ಟೆ ಹಾಕಿ ಬಾಯಿಗೆ ಮುಚ್ಚಳ ಬಿಗಿಯಬೇಕು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಲ್ಲಿ ಕೊರೆಯುವವರ ನೋಂದಣಿಯ ಮಾತೂ ಇದೆ. ಈಗ ನಡೆಯುವ ರೀತಿ ಕೇಳಿ. ಏಜೆಂಟ್ ಫೋನ್ ಮಾಡಿ, 'ಗೌಡ್ರೇ, ತಾಳ್ಯದಲ್ಲಿ ಒಂದು ಪಾಯಿಂಟ್ ಬೇಗ ಮುಗೀತು, ಗಾಡಿ ಖಾಲಿ ಐತೆ, ಬಿಡ್ಲಾ?' ಅಂದ. ತೋಟಕ್ಕೆ ಲಾರಿ ಬರುತ್ತದೆಂದು ನನಗೇ ತಿಳಿದದ್ದು ಎರಡು ಗಂಟೆ ಮುಂಚೆ. ಇನ್ನು ಅಧಿಕಾರಿಗಳಿಗೆ ಹದಿನೈದು ದಿನ ಮುಂಚೆ ಏನೆಂದು ಬರೆಯಲಿ?

ಅಡಿಗೆಮನೆ

ಪೈಪಿನ ಲಾರಿಯ ಪಕ್ಕದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಅಕ್ಕಿ ಚೀಲ, ಬೇಳೆ, ಆಲೂಗಡ್ಡೆ, ಈರುಳ್ಳಿ, ಒಂದು ಗ್ಯಾಸ್ ಒಲೆ, ತಳ ಕಪ್ಪಾದ ಎರಡು ದೊಡ್ಡ ಪಾತ್ರೆ. ಪೆಟ್ಟಿಗೆಯ ಪಕ್ಕದಲ್ಲೇ ಡೀಸೆಲ್ ಕ್ಯಾನು, ಗ್ರೀಸ್ ಡಬ್ಬಿ. ಯಾವ ಅಡಿಗೆ ಮಾಡಿದರೂ ಒಗ್ಗರಣೆಯಲ್ಲಿ ಸ್ವಲ್ಪ ಡೀಸೆಲ್ ವಾಸನೆ ಇರುತ್ತದೆ. ಅದು ಮಸಾಲೆ ಅಂದುಕೊಳ್ಳಿ.

ಅಡಿಗೆಯವನು ಬೇರೆ ಇರುವುದಿಲ್ಲ. ಕೈಗೆ ಪೆಟ್ಟಾದವನೋ, ಹೊಸದಾಗಿ ಸೇರಿದವನೋ ಅಂದಿನ ಅಡಿಗೆಯವನು. ಅನ್ನ ಬೇಯುವಾಗ ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆ ನೋಡಿ. ಬೋರಿನಿಂದ ಎದ್ದ ಪುಡಿ ನಿಮ್ಮ ಕಡೆ ತಿರುಗಿದರೆ ಅನ್ನಕ್ಕೆ ಮೇಲಿಂದ ಉಪ್ಪು ಹಾಕುವ ಕೆಲಸ ಉಳಿಯುತ್ತದೆ, ಅಷ್ಟೇ. ಚಿತ್ರದುರ್ಗದ ಶಿಸ್ಟ್ ಕಲ್ಲಿನ ಪಟ್ಟಿ ನಮ್ಮ ತಾಲ್ಲೂಕಿನಲ್ಲೂ ಹಾದುಹೋಗುತ್ತದೆ. ಒಂದು ಕಡೆ ಪುಡಿ ಹಸಿರು ಬೂದಿಯ ಹಾಗೆ ಬಂದರೆ, ಇನ್ನೊಂದು ಕಡೆ ಬೆಣಚುಕಲ್ಲು ಸಿಕ್ಕಿ ಬೆಳ್ಳಗೆ ಬರುತ್ತದೆ.

ಈ ಬೆಳ್ಳಗಿನದ್ದು ತಮಾಷೆಯಲ್ಲ. ಸಿಲಿಕಾ ಪುಡಿ ವರ್ಷಗಟ್ಟಲೆ ಎದೆಗೆ ಹೋದರೆ ಶ್ವಾಸಕೋಶ ಕಲ್ಲಾಗುತ್ತಾ ಬರುತ್ತದೆ, ಸಿಲಿಕೋಸಿಸ್ ಎಂದು ಹೆಸರು. ವಾಸಿಯಾಗುವ ಕಾಯಿಲೆ ಅಲ್ಲ. 2025ರ ತನಕ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿತ್ತು, ಆದರೆ ತೋಟದ ಮೂಲೆಯಲ್ಲಿ ನಿಂತ ಲಾರಿಯನ್ನು ನೋಡಿ ಕಾರ್ಖಾನೆ ಅಂದವರನ್ನು ನಾನು ಕಾಣೆ. ನಮ್ಮಲ್ಲಿಗೆ ಬಂದವರು ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದರು. ಒದ್ದೆ ಮಾಡಲು ನೀರು ಇರುವ ತನಕ ಒದ್ದೆ ಟವೆಲ್, ಆಮೇಲೆ ಬರೀ ಟವೆಲ್.

ನೀರಿನ ಸೌಕರ್ಯ

ಮುಖ್ಯವಾದ ಅಧ್ಯಾಯ. ನಿಧಾನಕ್ಕೆ ಓದಿ.

ನಿಮ್ಮ ಮನೆಯ ಕಸುಬು ನೀರು ಹುಡುಕುವುದು. ಆದ್ದರಿಂದ ನೀರಿಲ್ಲದ ಕಡೆಗೇ ನಿಮ್ಮನ್ನು ಕರೆಯುತ್ತಾರೆ. ನೀರಿರುವವರಿಗೆ ನಿಮ್ಮ ಅಗತ್ಯವಿಲ್ಲ, ನೀರು ಬಿದ್ದ ಕೂಡಲೇ ನೀವು ಅಲ್ಲಿಂದ ಹೊರಡಬೇಕು. ಈ ಲೆಕ್ಕವನ್ನು ಒಂದು ಸಲ ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದೆ ದುಃಖವಿಲ್ಲ.

ಆ ಮಾರ್ಚಿನಲ್ಲಿ ನಮ್ಮ ಹಳೆಯ ಬೋರು ಗಾಳಿ ಕಕ್ಕುತ್ತಿತ್ತು. ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸುತ್ತಿದ್ದೆವು. ಹೊಳಲ್ಕೆರೆ, ಹೊಸದುರ್ಗದ ಕಡೆ ಬರ ಬಂದಾಗಲೆಲ್ಲ ತೋಟದವರು ಮಾಡುವ ಕೆಲಸ ಇದು, ಸಾಲ ಮಾಡಿ ಗಿಡದ ಬುಡಕ್ಕೆ ಸುರಿಯುವುದು. ಊರ ಕುಡಿಯುವ ನೀರು ದೂರದ ಸೂಳೆಕೆರೆಯಿಂದ ಪೈಪಿನಲ್ಲಿ ಬರಬೇಕು. ಇಂಥ ಕಾಲದಲ್ಲಿ ಒಂಬತ್ತು ಜನ ಲಾರಿಯಿಂದ ಇಳಿದು ನಮ್ಮ ಸಿಮೆಂಟ್ ತೊಟ್ಟಿಯ ಕಡೆ ಒಮ್ಮೆ ನೋಡಿದರು. ತೊಟ್ಟಿಯ ತಳದಲ್ಲಿ ನಾಲ್ಕು ಬೆರಳು ನೀರಿತ್ತು. ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸಂಜೆ ಆರಕ್ಕೆ ಪೂಜೆ. ನಿಂಬೆಹಣ್ಣು, ಊದಿನಕಡ್ಡಿ, ಹೊಳಲ್ಕೆರೆಯ ಬಯಲು ಗಣಪತಿಗೆ ಮುಟ್ಟಿಸಿ ತಂದ ಕಾಯಿ. ಗೋಪುರ ಎದ್ದು ನಿಂತಿತು. ಆರೂವರೆ ಇಂಚಿನ ಡ್ರಿಲ್ ಬಿಟ್ ಕಲ್ಲು ಮುಟ್ಟಿತು. ಮೇಲಿನ ಮಣ್ಣು ಜರಿಯದಂತೆ ಅರವತ್ತು ಅಡಿ ಕೇಸಿಂಗ್ ಇಳಿಯಿತು. ಒಂದು ರಾಡು ಇಳಿದಾಗಲೆಲ್ಲ ನಾನು ಎಡ ಜೇಬಿನ ಒಂದು ಅಡಿಕೆಯನ್ನು ಬಲ ಜೇಬಿಗೆ ಹಾಕುತ್ತಿದ್ದೆ. ಲೆಕ್ಕ ಅವರೂ ಇಡುತ್ತಾರೆ, ಆದರೆ ಅಡಿಗೆ ಇಷ್ಟು ಎಂದು ದುಡ್ಡು ಕೊಡುವವನು ನಾನು. ಮುನ್ನೂರು ಅಡಿ ದಾಟಿದ ಮೇಲೆ ನೂರು ನೂರಕ್ಕೂ ದರ ಏರುತ್ತದೆ.

ಇಪ್ಪತ್ತೊಂದನೇ ಅಡಿಕೆಗೆ ಪುಡಿ ನೆನೆಯಿತು. ಒಬ್ಬ ಹುಡುಗ ಅಂಗೈಯಲ್ಲಿ ಹಿಡಿದು ಉಂಡೆ ಕಟ್ಟಿ ನನಗೆ ತೋರಿಸಿದ. ಉಂಡೆ ನಿಂತಿತು. ಅವ್ವ ಕೈಮುಗಿದಳು. ಮುಂದಿನ ರಾಡಿಗೆ ಮತ್ತೆ ಒಣ ಪುಡಿ. ಉಂಡೆ ಅವನ ಕೈಯಲ್ಲೇ ಬಿರುಕು ಬಿಟ್ಟು ಉದುರಿತು. 'ಗ್ಯಾಪ್ ಇಲ್ಲ ಸಾರ್, ಒಂದೇ ಕಲ್ಲು. ಇನ್ನು ನೂರು ಹೋಗೋಣವಾ?' ಎಂದು ತಮಿಳು ಮ್ಯಾನೇಜರ್ ಕೇಳಿದ. ಈ ಪ್ರಶ್ನೆಯನ್ನು ಆತ ಎಷ್ಟು ಮೃದುವಾಗಿ ಕೇಳುತ್ತಾನೆಂದರೆ ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಹೂಂ ಅಂದೆ. ಮತ್ತೆ ಹೂಂ ಅಂದೆ. ಮೂವತ್ತೈದನೇ ಅಡಿಕೆಗೆ, ಏಳುನೂರು ಅಡಿಗೆ, ಸಾಕು ಅಂದೆ.

ಫೇಲಾದ ಬೋರಿನ ಪಕ್ಕ ಬೆಳಗಾಗುವುದು ಹೇಗಿರುತ್ತದೆಂದು ತೋಟದವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ನನ್ನ ದುಃಖದಲ್ಲಿದ್ದೆ. ಅವ್ವ ಮಾತ್ರ ಹುಡುಗರನ್ನು ನೋಡುತ್ತಿದ್ದಳು. ಒಂಬತ್ತು ಜನರೂ ತಲೆಯಿಂದ ಪಾದದವರೆಗೆ ಬೆಳ್ಳಗಾಗಿದ್ದರು, ರೆಪ್ಪೆಯ ಕೂದಲೂ ಬಿಟ್ಟಿರಲಿಲ್ಲ, ಗುರುತು ಹಿಡಿಯಲು ಇದ್ದದ್ದು ಕಣ್ಣು ಮಾತ್ರ. ನೀರು ಬಿದ್ದಿದ್ದರೆ ಅವರಿಗೆ ಸ್ನಾನವಾಗುತ್ತಿತ್ತು. ಬಿದ್ದಿರಲಿಲ್ಲ. ಅವ್ವ ಒಳಗಿಂದ ಅರ್ಧ ಬಕೆಟ್ ತಂದಿಟ್ಟು, 'ಮುಖನಾದ್ರೂ ತೊಳ್ಕಳ್ರಪ್ಪ' ಅಂದಳು. ಭಾಷೆ ಬರದಿದ್ದರೂ ಅರ್ಥವಾಯಿತು. ಅರ್ಧ ಬಕೆಟ್ಟಿನಲ್ಲಿ ಒಂಬತ್ತು ಮುಖ ತೊಳೆಯುವುದು ಹೇಗೆಂಬುದು ಈ ಕೈಪಿಡಿಗೆ ಸೇರಲೇಬೇಕಾದ ವಿದ್ಯೆ: ಮೊದಲನೆಯವನು ಬೊಗಸೆಯಲ್ಲಿ ತೆಗೆದುಕೊಂಡು ಪೂರ್ತಿ ಉಜ್ಜುವುದಿಲ್ಲ, ಕಣ್ಣು ಬಾಯಿ ಮಾತ್ರ. ಕೊನೆಯವನಿಗೂ ಅಷ್ಟೇ ಸಿಗಬೇಕು. ಸಿಕ್ಕಿತು. ಬಕೆಟ್ಟಿನಲ್ಲಿ ಒಂದು ಚೊಂಬಿನಷ್ಟು ಉಳಿದಿತ್ತು, ಅದನ್ನು ಒಬ್ಬ ತೆಗೆದುಕೊಂಡು ಹೋಗಿ ಅಡಿಕೆ ಸಸಿಯ ಬುಡಕ್ಕೆ ಹಾಕಿದ.

ಮರುದಿನ ರಾತ್ರಿ ಅದೇ ಲಾರಿ ನಮ್ಮ ಕಣದಲ್ಲೇ ಬಿಡಾರವಿದ್ದು, ಬದುವಿನ ಆಚೆ ದೊಡ್ಡಪ್ಪನ ಮಗನ ತೋಟದಲ್ಲಿ ಕೊರೆಯಿತು. ಅಲ್ಲಿ ಕಾಯಿಯೂ ಇಲ್ಲ, ಯಂತ್ರವೂ ಇಲ್ಲ. 'ಎಲ್ಲಾದ್ರೂ ಹೊಡೀರಿ' ಅಂದಿದ್ದ. ಐನೂರ ಅರವತ್ತು ಅಡಿಗೆ ಗ್ಯಾಪ್, ಅಂದರೆ ಕಲ್ಲಿನ ಬಿರುಕು, ಸಿಕ್ಕಿತು. ಮೊದಲು ಅಂಬಲಿಯ ಹಾಗೆ, ಆಮೇಲೆ ಮಜ್ಜಿಗೆಯ ಹಾಗೆ, ಕೊನೆಗೆ ನೀರಿನ ಹಾಗೇ ನೀರು. ಎರಡು ಇಂಚು. ಬೆಳಗಿನ ಮೂರು ಗಂಟೆಗೆ, ರಿಗ್ಗಿನ ಫೋಕಸ್ ಲೈಟಿನಲ್ಲಿ, ಒಂಬತ್ತು ಹುಡುಗರು ಚಡ್ಡಿಯಲ್ಲಿ ನಿಂತು ಸೋಪು ಹಚ್ಚಿಕೊಳ್ಳುತ್ತಿದ್ದರು. ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಿದ್ದರು. ಬೂದಿಯೊಳಗಿಂದ ಒಬ್ಬೊಬ್ಬನಾಗಿ ಅವರವರ ಬಣ್ಣ ಹೊರಗೆ ಬಂತು. ಕೆಲವರಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಬದುವಿನ ಈಚೆ ನಿಂತು ನೋಡಿದ ನನಗೆ ಹೊಟ್ಟೆಕಿಚ್ಚಾಯಿತು. ಆಗಲಿಲ್ಲ ಎಂದು ಕೈಪಿಡಿಯಲ್ಲಿ ಸುಳ್ಳು ಬರೆಯಬಾರದು.

ಶೌಚಾಲಯ

ಜಾಲಿ ಮರೆ. ಬೆಳಕು ಹರಿಯುವ ಮುಂಚೆ.

ಮನರಂಜನೆ

ಮನರಂಜನೆಯ ವಾಹನವಾದ್ದರಿಂದ ಈ ವಿಭಾಗ ಕಡ್ಡಾಯ. ಒಂಬತ್ತು ಮೊಬೈಲು, ಚಾರ್ಜಿಗೆ ಲಾರಿಯ ಬ್ಯಾಟರಿಯಿಂದ ಎಳೆದ ಒಂದು ವೈರು. ಸರದಿ ಪ್ರಕಾರ ಚಾರ್ಜು. ಊರಿಗೆ ವಿಡಿಯೊ ಕರೆ ಮಾಡುವವನು ಕಂಪ್ರೆಸರಿನಿಂದ ದೂರ, ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಿದ್ದ. ಒಬ್ಬ ತನ್ನ ತಾಯಿಗೆ ಹಿಂದೆ ಕಾಣುವ ಹೆಂಚಿನ ಮನೆ, ತುಳಸಿಕಟ್ಟೆ, ನಮ್ಮ ಅವ್ವ ಎಲ್ಲರನ್ನೂ ತಿರುಗಿಸಿ ತೋರಿಸಿದ. ಲಾರಿಯನ್ನು ತೋರಿಸಲಿಲ್ಲ. ಅವ್ವ ಆ ಕಡೆಯ ಅಮ್ಮನಿಗೆ ಕನ್ನಡದಲ್ಲಿ ಊಟ ಆಯ್ತಾ ಎಂದು ಕೇಳಿದಳು. ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ತಲೆಯಾಡಿಸಿದರು.

ದೋಷಗಳು, ಪರಿಹಾರಗಳು

ಮಳೆ ಬಂತು. ಲಾರಿ ತೋಟದ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಇಳಿಸಬೇಡಿ. ಮಳೆ ಜೋರಾದರೆ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು, ಆಮೇಲೆ ಬಿದ್ದದ್ದು 89 ವರ್ಷ ಕಳೆದು 2022ರಲ್ಲಿ. ಜಿಲ್ಲೆಯೇ ಜಾತ್ರೆಗೆ ಹೋದ ಹಾಗೆ ನೋಡಲು ಹೋಯಿತು. ಅಂಥ ವರ್ಷ ಲಾರಿ ಸಂಸಾರಕ್ಕೆ ಏಕಾದಶಿ. ಪರಿಹಾರ: ಬರವಿರುವ ಜಿಲ್ಲೆ ಹುಡುಕಿಕೊಂಡು ಹೋಗಿ. ದೇಶ ದೊಡ್ಡದು.

ಕಲ್ಲು ಕುಟ್ಟುವ ಹ್ಯಾಮರ್ ಬೋರಿನೊಳಗೆ ಸಿಕ್ಕಿಕೊಂಡಿತು. ಎಲ್ಲರೂ ಎದ್ದೇಳಿ. ಬಿಡಿಸುವ ತನಕ ಪಾಳಿ ಇಲ್ಲ. 2025ರ ತನಕ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ದಿನಕ್ಕೆ ಎಂಟು ಗಂಟೆ ಅನ್ನುತ್ತಿತ್ತು. ಆ ಮಿತಿ ನಿಮಗೆ ಅನ್ವಯಿಸುತ್ತದೋ ಎಂದು ಮ್ಯಾನೇಜರನ್ನು ಕೇಳುವ ಧೈರ್ಯವಿದ್ದರೆ ಕೇಳಿ, ಮೊದಲು ಹ್ಯಾಮರ್ ಬಿಡಿಸಿ.

ಜಮೀನಿನವನು ಅಳುತ್ತಿದ್ದಾನೆ. ಇದು ಯಂತ್ರದ ದೋಷವಲ್ಲ. ರಾಡು ಎತ್ತುವುದನ್ನು ನಿಲ್ಲಿಸಬೇಡಿ, ಅವನ ಮುಖ ನೋಡಬೇಡಿ. ಫೇಲಾದರೂ ಅಡಿಯ ಲೆಕ್ಕದ ದುಡ್ಡು ಪೂರ್ತಿ ಬರಬೇಕು, ಅದರಲ್ಲೇ ನಿಮ್ಮ ಕೂಲಿ ಇದೆ. ಇದನ್ನು ನಾನು ಅಳುವವನ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಆ ಹುಡುಗರು ಮುಖ ನೋಡಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ಜಾಗ ಬಿಡುವಾಗ

ಮೂರನೇ ರಾತ್ರಿ ಕಳೆದು ಬೆಳಗಿನ ನಾಲ್ಕಕ್ಕೆ ಲಾರಿಗಳು ಹೊಸದುರ್ಗದ ಕಡೆ ಹೊರಟವು. ಹತ್ತು ನಿಮಿಷದಲ್ಲಿ ಒಲೆ, ಪಾತ್ರೆ, ಚಾಪೆ, ದಾರಕ್ಕೆ ಹಾಕಿದ್ದ ಒದ್ದೆ ಬಟ್ಟೆ ಎಲ್ಲವೂ ಮಾಯ. ಕಣದಲ್ಲಿ ಉಳಿದದ್ದು ಬೂದು ಪುಡಿಯ ಗುಡ್ಡೆ, ಎರಡು ಚಕ್ರದ ಗುರುತು, ಮುರಿದ ಒಂದು ಬಾಚಣಿಗೆ. ನಮ್ಮ ಬಾವಿಯ ಮೂಲೆಯಲ್ಲಿ ಏಳುನೂರು ಅಡಿಯ ತೂತು. ಅದರ ಬಾಯಿ ಮುಚ್ಚುವ ಕೆಲಸ ನನಗೆ ಉಳಿಯಿತು. ಅಂದೇ ಕಬ್ಬಿಣದ ಮುಚ್ಚಳಕ್ಕೆ ವೆಲ್ಡಿಂಗ್ ಮಾಡಿಸಿದೆ. ನಿಮ್ಮ ತೋಟದಲ್ಲಿ ಬಾಯಿ ತೆರೆದುಕೊಂಡದ್ದು ಇದ್ದರೆ ಈ ಕೈಪಿಡಿಯನ್ನು ಇಲ್ಲಿಗೇ ಬಿಟ್ಟು ಹೋಗಿ ಮುಚ್ಚಿ ಬನ್ನಿ.

ಗಾಡಿ ಕೊಂಡು ಅದರಲ್ಲೇ ಬದುಕಬೇಕೆಂದಿರುವವರಿಗೆ ಹೇಳುವುದು ಮುಗಿಯಿತು. ಇನ್ನೊಂದು ಸೂಚನೆ, ಮನೆಯಲ್ಲೇ ಇದ್ದು ಲಾರಿ ಕರೆಸುವ ನಮ್ಮಂಥವರಿಗೆ. ಏಜೆಂಟಿಗೆ ಹೂಂ ಅಂದ ಮೇಲೆ, ಕಾಯಿ ನಿಂಬೆಹಣ್ಣು ತರುವ ಮುಂಚೆ, ಒಂದು ಡ್ರಮ್ ನೀರು ತುಂಬಿಸಿ ಕಣದ ಪಕ್ಕ ಇಟ್ಟುಬಿಡಿ, ಜೊತೆಗೆ ಒಂದು ಚೊಂಬು. ಬೋರಿನಲ್ಲಿ ನೀರು ಬೀಳಲಿ ಬಿಡಲಿ. ಟ್ಯಾಂಕರ್ ನೀರಿನಲ್ಲಿ ಇನ್ನೂರು ಲೀಟರ್ ಕಡಿಮೆಯಾದರೆ ಅಡಿಕೆ ಮರ ಸಾಯುವುದಿಲ್ಲ.